ಅರಮನೆಯಿಂದ ಪಾಠಶಾಲೆಗೆ: ಮೃಗಕಥೆಗಳ ನೀತಿಯ ಚರಿತ್ರೆ

ಸಿಂಹವು ಅರಸನಾಗಿ, ನರಿಯು ಮಂತ್ರಿಯಾಗಿ, ಕಾಗೆ ಗೂಬೆ ಆಮೆ ಮೊಸಳೆಗಳು ಮನುಷ್ಯರಂತೆ ಮಾತನಾಡುವ ಕಥೆಗಳೆಂದರೆ ಅವು ಮಕ್ಕಳಿಗಾಗಿಯೇ ಹುಟ್ಟಿದವೆಂದೂ, ಪ್ರತಿಯೊಂದರ ಕೊನೆಗೆ ಒಂದು ಸದ್ವಚನವನ್ನು ಹೇಳಿಬಿಟ್ಟರೆ ಅವುಗಳ ಪ್ರಯೋಜನವು ಪೂರ್ಣವಾಯಿತೆಂದೂ ನಾವು ಸಾಮಾನ್ಯವಾಗಿ ನಂಬಿಕೊಂಡಿದ್ದೇವೆ. ಈ ನಂಬಿಕೆ ಬಹು ಪ್ರಾಚೀನವಾದುದೇನೂ ಅಲ್ಲ. ಎರಡು ಸಾವಿರ ವರ್ಷಗಳಿಗೂ ಮಿಕ್ಕ ಈ ಕಥೆಗಳ ಬಾಳಿನಲ್ಲಿ ಬಹುಭಾಗವು ಅರಮನೆಯ ಮಂತ್ರಾಲೋಚನೆಯಲ್ಲಿ, ಬೌದ್ಧವಿಹಾರದ ಧರ್ಮೋಪದೇಶದಲ್ಲಿ, ಗ್ರೀಕರ ನಗರಸಭೆಗಳ ವಾಗ್ವಾದದಲ್ಲಿ ಕಳೆದಿದೆ. ಅವು ಪಾಠಶಾಲೆಯ ಹೊಸ್ತಿಲನ್ನು ದಾಟಿ ಮಕ್ಕಳ ಪುಸ್ತಕದಲ್ಲಿ ಕುಳಿತುದು ತೀರ ಈಚಿನ ಸಂಗತಿ. ಒಂದು ಸ್ಥಾನದಿಂದ ಇನ್ನೊಂದು ಸ್ಥಾನಕ್ಕೆ ಬರುವಾಗಲೆಲ್ಲ ಕಥೆಯ ಒಡಲು ಬಹುಮಟ್ಟಿಗೆ ಹಾಗೆಯೇ ಉಳಿದು, ಅದರಿಂದ ತೆಗೆದ ನೀತಿಯು ಮಾತ್ರ ಬದಲಾಗುತ್ತ ಬಂದಿದೆ. ಈ ಬದಲಾವಣೆಯ ಚರಿತ್ರೆಯನ್ನು ತಿಳಿದುಕೊಳ್ಳುವುದು ವಿದ್ವಾಂಸರ ಕುತೂಹಲವನ್ನು ತಣಿಸುವುದಕ್ಕೆ ಮಾತ್ರವಲ್ಲದೆ, ಇಂದು ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಕಥೆ ಹೇಳುವ ತಾಯಿತಂದೆಗಳಿಗೂ ಉಪಾಧ್ಯಾಯರಿಗೂ ಅತ್ಯಾವಶ್ಯಕವಾದುದೆಂದು ನನ್ನ ದೃಢವಾದ ಅಭಿಪ್ರಾಯ.

ಪಂಚತಂತ್ರದ ಕಥಾಮುಖವನ್ನೇ ನೋಡಬಹುದು. ದಕ್ಷಿಣದೇಶದ ಮಹಿಳಾರೋಪ್ಯವೆಂಬ ನಗರದಲ್ಲಿ ಅಮರಶಕ್ತಿಯೆಂಬ ಅರಸನಿದ್ದನೆಂದೂ, ಅವನ ಮೂವರು ಮಕ್ಕಳೂ ವಿದ್ಯೆಗೆ ವಿಮುಖರಾಗಿದ್ದರೆಂದೂ, ರಾಜ್ಯದ ಭವಿಷ್ಯವನ್ನು ನೆನೆದು ಚಿಂತಾಕ್ರಾಂತನಾದ ಅರಸನ ಮುಂದೆ ವಿಷ್ಣುಶರ್ಮನೆಂಬ ವೃದ್ಧ ಬ್ರಾಹ್ಮಣನು ಆರು ತಿಂಗಳೊಳಗೆ ಆ ಕುಮಾರರನ್ನು ನೀತಿಶಾಸ್ತ್ರದಲ್ಲಿ ನಿಷ್ಣಾತರನ್ನಾಗಿ ಮಾಡುವೆನೆಂದು ಪ್ರತಿಜ್ಞೆ ಮಾಡಿದನೆಂದೂ ಅಲ್ಲಿ ಹೇಳಿದೆ. ಅವನ ಶಿಷ್ಯರು ನಾಳೆ ಸಿಂಹಾಸನವನ್ನೇರಬೇಕಾದವರು. ದಂಡನಾಯಕರನ್ನೂ ಮಂತ್ರಿಗಳನ್ನೂ ಗೂಢಚಾರರನ್ನೂ ನಡೆಸಿಕೊಳ್ಳಬೇಕಾದವರು. ಆದುದರಿಂದಲೇ ಗ್ರಂಥದ ಐದು ತಂತ್ರಗಳು ಮಿತ್ರಭೇದ, ಮಿತ್ರಲಾಭ, ಕಾಕೋಲೂಕೀಯ, ಲಬ್ಧಪ್ರಣಾಶ, ಅಪರೀಕ್ಷಿತಕಾರಕ ಎಂದು ರಾಜಕಾರ್ಯದ ಕ್ರಮವನ್ನೇ ಅನುಸರಿಸುತ್ತವೆ. ಅಲ್ಲಿ ಬರುವ ನೀತಿಯು ಕೌಟಿಲ್ಯನ ಶಾಸ್ತ್ರಕ್ಕೆ ಬಂಧುವಾದ ನೀತಿ. ಯಾರನ್ನು ನಂಬಬೇಕು, ಎಷ್ಟು ದಿನ ನಂಬಬೇಕು, ಬಲಿಷ್ಠನೊಡನೆ ಸಂಧಿ ಯಾವಾಗ, ವಿಗ್ರಹ ಯಾವಾಗ ಎಂಬುವು ಅದರ ಪ್ರಶ್ನೆಗಳು.

ಈ ದೃಷ್ಟಿಯಿಂದ ಓದಿದಾಗ ಮೊದಲನೆಯ ತಂತ್ರದ ಮುಕ್ತಾಯವು ನಮ್ಮನ್ನು ಬೆರಗುಗೊಳಿಸುತ್ತದೆ. ಪಿಂಗಲಕನೆಂಬ ಸಿಂಹಕ್ಕೂ ಸಂಜೀವಕನೆಂಬ ಎತ್ತಿಗೂ ಬೆಳೆದ ಸ್ನೇಹವನ್ನು ಕಂಡು, ತನ್ನ ಅಧಿಕಾರಕ್ಕೆ ಕುಂದು ಬಂತೆಂದು ಕರುಬಿದ ದಮನಕನೆಂಬ ನರಿಯು, ಎತ್ತಿನಲ್ಲಿ ಸಿಂಹದ ವಿಷಯವಾಗಿಯೂ ಸಿಂಹದಲ್ಲಿ ಎತ್ತಿನ ವಿಷಯವಾಗಿಯೂ ಸಂಶಯವನ್ನು ಬಿತ್ತುತ್ತದೆ. ಅದರ ಒಡನಾಡಿಯಾದ ಕರಟಕನು ಎಷ್ಟು ವಿಧವಾಗಿ ತಿಳಿಯಹೇಳಿದರೂ ಕೇಳುವುದಿಲ್ಲ. ಕಡೆಗೆ ಸಿಂಹವು ತನ್ನ ಪ್ರಾಣಮಿತ್ರನನ್ನು ತಾನೇ ಕೊಂದು ಪರಿತಪಿಸುತ್ತಿರುವಾಗ, ಅರಸನಾದವನು ಇಂಥದಕ್ಕೆ ಮರುಗಬಾರದೆಂದು ಸಮಾಧಾನ ಹೇಳಿ ನರಿಯು ಮಂತ್ರಿಯಾಗಿ ಸುಖದಿಂದ ಇರುತ್ತದೆ. ದುಷ್ಟನಿಗೆ ದಂಡನೆಯಾಗಲಿಲ್ಲ, ಸಾಧುವಿಗೆ ರಕ್ಷಣೆ ದೊರೆಯಲಿಲ್ಲ. ಮಕ್ಕಳ ಪುಸ್ತಕದಲ್ಲಿ ಇಂಥ ಮುಕ್ತಾಯಕ್ಕೆ ಎಡೆಯೆಲ್ಲಿ? ಆದರೆ ಚಾಡಿಕೋರನು ಅರಮನೆಯಲ್ಲಿ ಹೇಗೆ ಗೆಲ್ಲುತ್ತಾನೆಂಬುದನ್ನು ರಾಜಕುಮಾರನು ಒಮ್ಮೆ ಕಣ್ಣಾರೆ ಕಂಡಂತೆ ತಿಳಿದುಕೊಳ್ಳಬೇಕಾಗಿದ್ದಿತು. ಆ ಅರಿವನ್ನು ಕೊಡುವುದಕ್ಕಾಗಿಯೇ ಕಥೆಗಾರನು ನರಿಯನ್ನು ಗೆಲ್ಲಿಸಿದನು.

ಪ್ರಾಚೀನ ಗ್ರೀಸಿನಲ್ಲಿಯೂ ಸಂಗತಿ ಬೇರೆಯಾಗಿರಲಿಲ್ಲ. ಅರಿಸ್ಟಾಟಲನು ತನ್ನ ವಾಗ್ಮಿತೆಯ ಶಾಸ್ತ್ರದಲ್ಲಿ ಮೃಗಕಥೆಯನ್ನು ಸಭೆಯಲ್ಲಿ ಮಾತನಾಡುವವನ ಸಾಧನವೆಂದೇ ಪರಿಗಣಿಸಿ, ಅದಕ್ಕೆ ಉದಾಹರಣೆಯಾಗಿ ಸ್ಟೆಸಿಕೋರಸ್ ಕವಿಯು ಹೇಳಿದ ಕುದುರೆ ಮತ್ತು ಸಾರಂಗದ ಕಥೆಯನ್ನು ಕೊಟ್ಟಿದ್ದಾನೆ. ಸಾರಂಗದ ಮೇಲೆ ಸೇಡು ತೀರಿಸಿಕೊಳ್ಳಲೆಂದು ಕುದುರೆಯು ಮನುಷ್ಯನ ಸಹಾಯವನ್ನು ಬೇಡಿ, ಬಾಯಿಗೆ ಕಡಿವಾಣವನ್ನು ಹಾಕಿಸಿಕೊಂಡು ಬೆನ್ನ ಮೇಲೆ ಅವನನ್ನು ಕೂರಿಸಿಕೊಂಡು, ಸೇಡೇನೋ ತೀರಿದ ಮೇಲೆ ಎಂದೆಂದಿಗೂ ಅವನ ದಾಸನಾಗಿ ಉಳಿಯಿತು. ಒಬ್ಬ ದಂಡನಾಯಕನಿಗೆ ಅಂಗರಕ್ಷಕರ ಪಡೆಯನ್ನು ಕೊಡಲು ಹೊರಟಿದ್ದ ಜನರಿಗೆ ಕವಿಯು ಈ ಎಚ್ಚರಿಕೆಯನ್ನು ಹೇಳಿದನಂತೆ. ರೋಮಿನ ಫೀಡ್ರಸ್ ಕವಿಯು, ಮನಸ್ಸಿನಲ್ಲಿದ್ದುದನ್ನು ಬಾಯಿಬಿಟ್ಟು ಹೇಳಲಾರದ ಗುಲಾಮನು ದಂಡನೆಯನ್ನು ತಪ್ಪಿಸಿಕೊಳ್ಳುವುದಕ್ಕಾಗಿ ಈ ಕಥಾಪ್ರಕಾರವನ್ನು ಕಲ್ಪಿಸಿಕೊಂಡನೆಂದು ಅಭಿಪ್ರಾಯಪಟ್ಟನು. ಪ್ರಾಣಿಯ ಬಾಯಿಂದ ಮಾತನಾಡಿಸುವುದರಲ್ಲಿರುವ ಅನುಕೂಲ ಇದೇ ಆಗಿದೆ. ಅರಸನನ್ನು ಮೂರ್ಖನೆಂದರೆ ತಲೆ ಹೋದೀತು. ಸಿಂಹವನ್ನು ಮೂರ್ಖನೆಂದರೆ ಅರಸನೂ ನಕ್ಕು, ಆಮೇಲೆ ಒಬ್ಬನೇ ಕುಳಿತು ಯೋಚಿಸಿಯಾನು.

ನೀತಿಯು ಹೇಗೆ ಬದಲಾಗುತ್ತದೆಂಬುದಕ್ಕೆ ಒಂದೇ ಕಥೆಯನ್ನು ಹಿಡಿದು ಅದರ ಜಾಡನ್ನು ನೋಡುವುದು ಒಳ್ಳೆಯದು. ಕೋಲಿನ ಎರಡು ತುದಿಗಳನ್ನು ಎರಡು ಹಂಸಗಳು ಕೊಕ್ಕಿನಲ್ಲಿ ಹಿಡಿದಿರುತ್ತವೆ, ನಡುವೆ ಆಮೆಯು ಬಾಯಿಂದ ಕಚ್ಚಿಕೊಂಡು ಆಕಾಶದಲ್ಲಿ ತೂಗುತ್ತದೆ, ಕೆಳಗಿನ ಜನ ಕೂಗುವುದನ್ನು ಕೇಳಿ ಅದು ಬಾಯಿ ತೆರೆಯುತ್ತದೆ, ಬೀಳುತ್ತದೆ. ಕನ್ನಡನಾಡಿನಲ್ಲಿ ಈ ಕಥೆಯನ್ನು ಕೇಳದ ಮಗುವಿಲ್ಲ. ಇದರ ಒಂದು ರೂಪವು ದೊರೆಯುವ ಪಾಲಿಭಾಷೆಯ ಜಾತಕಗಳು ಬುದ್ಧನ ಪೂರ್ವಜನ್ಮದ ಐನೂರ ನಲವತ್ತೇಳು ಕಥೆಗಳು. ಅವುಗಳಲ್ಲಿ ಹಲವು ಕ್ರಿಸ್ತಪೂರ್ವ ಕಾಲದ ಭರ್ಹುತದ ಸ್ತೂಪದಲ್ಲಿಯೇ ಹೆಸರಿನ ಸಮೇತ ಶಿಲ್ಪವಾಗಿವೆ. ಆ ಜಾತಕಗಳಲ್ಲೊಂದಾದ ಕಚ್ಛಪಜಾತಕದಲ್ಲಿ ಆಮೆಯು ಬಂದು ಬೀಳುವುದು ವಾರಾಣಸಿಯ ಅರಮನೆಯ ಅಂಗಳದಲ್ಲಿ. ಅಲ್ಲಿಯ ಅರಸನು ಬಲು ಮಾತುಗಾರ. ಅವನ ಮುಂದೆ ಇನ್ನೊಬ್ಬರಿಗೆ ತುಟಿ ಬಿಚ್ಚಲು ಅವಕಾಶವಿಲ್ಲ. ಅವನ ಅಮಾತ್ಯನಾಗಿದ್ದ ಬೋಧಿಸತ್ತ್ವನು ಈ ದೋಷವನ್ನು ತಿದ್ದುವುದಕ್ಕೆ ಸಮಯ ಕಾಯುತ್ತಿದ್ದವನು, ಒಡೆದು ಬಿದ್ದ ಆಮೆಯನ್ನು ತೋರಿಸಿ, ಅಕಾಲದಲ್ಲಿ ಮಾತನಾಡಿದವರ ಗತಿ ಇದೆಂದು ಹೇಳುತ್ತಾನೆ. ನನ್ನ ವಿಷಯವಾಗಿ ಹೇಳುತ್ತಿರುವೆಯೋ ಎಂದು ಅರಸನು ಕೇಳುತ್ತಾನೆ. ಯಾರಾದರೇನು, ಮಿತಿ ಮೀರಿ ಮಾತನಾಡಿದವರಿಗೆಲ್ಲ ಇದೇ ಫಲವೆಂದು ಅಮಾತ್ಯನು ಉತ್ತರಿಸುತ್ತಾನೆ. ಅಂದಿನಿಂದ ಅರಸನು ಮಿತಭಾಷಿಯಾಗುತ್ತಾನೆ.

ಅದೇ ಆಮೆಯು ಪಂಚತಂತ್ರಕ್ಕೆ ಬಂದಾಗ ಅದಕ್ಕೆ ಕಂಬುಗ್ರೀವವೆಂದು ಹೆಸರು. ಅದು ನೆಲಸಿದ್ದ ಸರೋವರವು ಅನಾವೃಷ್ಟಿಯಿಂದ ಬತ್ತುತ್ತಿದೆ. ಹಂಸಗಳಿಗೆ ಸಂಕಟ, ವಿಕಟವೆಂದು ಹೆಸರು. ಇಲ್ಲಿ ಅದರ ಅಪರಾಧವು ವಾಚಾಳತನವಲ್ಲ, ಹಿತವನ್ನು ಬಯಸುವ ಮಿತ್ರರ ಮಾತನ್ನು ನಡೆಸದಿರುವುದು. ಈ ಕಥೆಯನ್ನು ಹೇಳುವವಳು ಕಡಲ ತೀರದ ಟಿಟ್ಟಿಭ ಪಕ್ಷಿಯ ಹೆಂಡತಿ. ಸಮುದ್ರವು ಮೊಟ್ಟೆಗಳನ್ನು ಕೊಂಡೊಯ್ದೀತೆಂದು ಆಕೆ ಹೆದರಿ ಹೇಳಿದ ಮಾತನ್ನು ಗಂಡನು ಲಕ್ಷ್ಯಕ್ಕೆ ತಂದುಕೊಳ್ಳುವುದಿಲ್ಲ. ಆಗ ಆಕೆ ಆಮೆಯ ದೃಷ್ಟಾಂತವನ್ನು ಎತ್ತುತ್ತಾಳೆ. ಆಕೆ ಹೆದರಿದಂತೆಯೇ ಮೊಟ್ಟೆಗಳು ಹೋಗುತ್ತವೆ. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಗಂಡುಹಕ್ಕಿಯು ಪಕ್ಷಿಸಂಕುಲವನ್ನೆಲ್ಲ ಕೂಡಿಸಿ, ಗರುಡನಲ್ಲಿಗೆ ದೂರು ಒಯ್ದು, ಗರುಡನ ಮೂಲಕ ವಿಷ್ಣುವಿನ ನೆರವನ್ನು ಪಡೆದು, ಸಮುದ್ರವನ್ನೇ ಮಣಿಸಿ ಮೊಟ್ಟೆಗಳನ್ನು ಮರಳಿ ತರುತ್ತದೆ. ಹೆಂಡತಿಯ ನೀತಿಯೂ ನಿಜವಾಯಿತು, ಗಂಡನ ಪೌರುಷವೂ ನಿಜವಾಯಿತು. ಇನ್ನೂ ಒಂದು ಆವರಣವುಂಟು: ಈ ಟಿಟ್ಟಿಭದ ಕಥೆಯನ್ನು ಹೇಳುತ್ತಿರುವವನು ದಮನಕ, ಕೇಳುತ್ತಿರುವವನು ಕೆಲವೇ ಹೊತ್ತಿನಲ್ಲಿ ಅವನ ಮೋಸಕ್ಕೆ ಬಲಿಯಾಗಲಿರುವ ಸಂಜೀವಕ.

ಈ ರಚನೆಯ ಕಡೆಗೆ ವಾಚಕರು ವಿಶೇಷವಾಗಿ ಗಮನವನ್ನು ಕೊಡಬೇಕೆಂದು ಪ್ರಾರ್ಥಿಸುತ್ತೇನೆ. ಪಂಚತಂತ್ರದಲ್ಲಿ ನೀತಿಯ ಶ್ಲೋಕವು ಕಥೆಯ ಮೊದಲಿಗೇ ಬರುತ್ತದೆ. ಹಿತವನ್ನು ಬಯಸುವವರ ಮಾತನ್ನು ಕೇಳದವನು ಕೋಲಿನಿಂದ ಜಾರಿದ ಆಮೆಯಂತೆ ನಾಶವಾಗುವನೆಂದು ಒಂದು ಪಾತ್ರವು ಹೇಳುತ್ತದೆ. ಅದು ಹೇಗೆ ಎಂದು ಇನ್ನೊಂದು ಪಾತ್ರವು ಕೇಳುತ್ತದೆ. ಆ ಪ್ರಶ್ನೆಗೆ ಉತ್ತರವಾಗಿ ಕಥೆ ಹುಟ್ಟುತ್ತದೆ. ಹೀಗಾಗಿ ಅಲ್ಲಿಯ ಒಂದೊಂದು ನೀತಿಯೂ ಒಬ್ಬರು ಇನ್ನೊಬ್ಬರಿಗೆ, ಒಂದು ಸಂದರ್ಭದಲ್ಲಿ, ಒಂದು ಉದ್ದೇಶದಿಂದ ಹೇಳಿದ ಸಲಹೆ. ಸಾಧುವಾದ ಕರಟಕನೂ ನೀತಿ ಹೇಳುತ್ತಾನೆ, ವಂಚಕನಾದ ದಮನಕನೂ ಹೇಳುತ್ತಾನೆ. ಶ್ಲೋಕವು ಇಬ್ಬರ ಬಾಯಲ್ಲಿಯೂ ಸೊಗಸಾಗಿಯೇ ಇರುತ್ತದೆ. ಹೇಳಿದವರು ಯಾರು, ಏಕೆ ಹೇಳಿದರು, ಆಮೇಲೆ ನಡೆದುದೇನು ಎಂಬ ಮೂರನ್ನೂ ತೂಗಿ ನೋಡಿ ನಿರ್ಣಯಿಸುವ ಭಾರವನ್ನು ಗ್ರಂಥಕಾರನು ಕೇಳುವವನ ಮೇಲೆ ಹೊರಿಸಿದ್ದಾನೆ. ಬುದ್ಧಿಗೆ ಇದಕ್ಕಿಂತ ಉತ್ತಮವಾದ ವ್ಯಾಯಾಮವನ್ನು ಕಲ್ಪಿಸುವುದು ಕಷ್ಟ.

ಕನ್ನಡಕ್ಕೆ ಈ ಗ್ರಂಥವನ್ನು ತಂದವನೂ ರಾಜಕಾರ್ಯದಲ್ಲಿ ನುರಿತವನೇ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಜಗದೇಕಮಲ್ಲ ಜಯಸಿಂಹನ ಆಸ್ಥಾನದಲ್ಲಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು 1031ರ ಸುಮಾರಿನಲ್ಲಿ ತನ್ನ ಪಂಚತಂತ್ರವನ್ನು ಚಂಪೂರೂಪದಲ್ಲಿ ರಚಿಸಿದನು. ಚಾಲುಕ್ಯರಿಗೂ ಚೋಳರಿಗೂ ವೇಂಗಿಯ ವಿಷಯವಾಗಿಯೂ ಕೃಷ್ಣಾ ತುಂಗಭದ್ರೆಗಳ ನಡುವಣ ನಾಡಿನ ವಿಷಯವಾಗಿಯೂ ನಿರಂತರವಾದ ಕಲಹವಿದ್ದ ಕಾಲವದು. ರಾಜೇಂದ್ರಚೋಳನಂಥ ಪ್ರತಿಸ್ಪರ್ಧಿ ಎದುರಿಗಿದ್ದನು. ಯಾರೊಡನೆ ಒಪ್ಪಂದ, ಯಾರೊಡನೆ ಯುದ್ಧವೆಂಬುದನ್ನು ದಿನದಿನವೂ ಆಲೋಚಿಸುತ್ತಿದ್ದ ಅಧಿಕಾರಿಯೊಬ್ಬನು ನರಿ ಎತ್ತುಗಳ ಕಥೆಯನ್ನು ಬರೆಯಲು ಕುಳಿತನೆಂದರೆ, ಅದನ್ನು ಬಿಡುವಿನ ಹೊತ್ತಿನ ವಿನೋದವೆಂದು ತಳ್ಳಿಹಾಕಲಾಗದು. ಅವನ ಗ್ರಂಥದ ಐದು ಪ್ರಕರಣಗಳ ಹೆಸರುಗಳೇ ಅವನ ಮನಸ್ಸನ್ನು ತಿಳಿಸುತ್ತವೆ: ಭೇದ, ಪರೀಕ್ಷಾ, ವಿಶ್ವಾಸ, ವಂಚನಾ, ಮಿತ್ರಕಾರ್ಯ. ಒಡಕಿನಿಂದ ಹೊರಟು, ಪರೀಕ್ಷೆ ನಂಬಿಕೆ ಮೋಸಗಳನ್ನು ಹಾಯ್ದು, ಸ್ನೇಹಿತರ ಕಾರ್ಯದಲ್ಲಿ ಬಂದು ನಿಲ್ಲುವ ಈ ಪಥವು ಒಬ್ಬ ಅನುಭವಿಯು ಆರಿಸಿಕೊಂಡ ಪಥವಾಗಿ ತೋರುತ್ತದೆ.

ದುರ್ಗಸಿಂಹನು ಅನುಸರಿಸಿದುದು ವಿಷ್ಣುಶರ್ಮನ ಪಾಠವನ್ನಲ್ಲ. ಗುಣಾಢ್ಯನು ಪೈಶಾಚಿಯಲ್ಲಿ ರಚಿಸಿದ ಬೃಹತ್ಕಥೆಯಿಂದ ವಸುಭಾಗಭಟ್ಟನು ಆರಿಸಿ ಸಂಸ್ಕೃತದಲ್ಲಿ ಹೇಳಿದ ಪಂಚತಂತ್ರವನ್ನು ತಾನು ಕನ್ನಡಿಸಿರುವುದಾಗಿ ಅವನೇ ತಿಳಿಸುತ್ತಾನೆ. ವಸುಭಾಗನ ಮೂಲಗ್ರಂಥವು ಇಂದು ನಮಗೆ ದೊರೆಯದು. ಅದರ ಸ್ವರೂಪವನ್ನು ಊಹಿಸಿಕೊಳ್ಳಲು ದುರ್ಗಸಿಂಹನ ಕೃತಿಯು ಅಮೂಲ್ಯವಾದ ಸಾಕ್ಷಿ. ಇನ್ನೊಂದು ಸಾಕ್ಷಿಯು ಸಮುದ್ರದ ಆಚೆಗೆ, ಪ್ರಾಚೀನ ಜಾವಾ ಭಾಷೆಯ ತಂತ್ರಿಕಾಮಂದಕವೆಂಬ ಗ್ರಂಥದಲ್ಲಿ ದೊರೆಯುತ್ತದೆ. ಮೈಸೂರಿನ ವಿದ್ವಾಂಸರಾದ ಎ. ವೆಂಕಟಸುಬ್ಬಯ್ಯನವರು ಈ ಎರಡು ಪರಂಪರೆಗಳನ್ನೂ ಬಹು ಶ್ರಮದಿಂದ ಅಭ್ಯಸಿಸಿ, ಪಾಶ್ಚಾತ್ಯ ಪಂಡಿತರು ಕಟ್ಟಿದ ಪಂಚತಂತ್ರದ ವಂಶವೃಕ್ಷದಲ್ಲಿ ಕನ್ನಡದ ಕೊಂಬೆಗೆ ಸಲ್ಲತಕ್ಕ ಗೌರವವನ್ನು ಸಲ್ಲಿಸಿದರು. ಇನ್ನು ಅಕ್ಷರ ಬಾರದ ಜನರಿಗೂ ಕಥೆಗಳು ದೂರವಾಗಿರಲಿಲ್ಲ. ಪಟ್ಟದಕಲ್ಲಿನ ದೇವಾಲಯಗಳಲ್ಲಿ, ಬಳ್ಳಿಗಾವೆಯ ತ್ರಿಪುರಾಂತಕ ದೇವಾಲಯದಲ್ಲಿ, ಪಂಚತಂತ್ರದ ಪ್ರಸಂಗಗಳನ್ನು ಶಿಲ್ಪಿಗಳು ಕಡೆದಿದ್ದಾರೆ. ದೇವರ ದರ್ಶನಕ್ಕೆ ಬಂದವನು ಕಲ್ಲಿನ ಮೃಗಗಳನ್ನು ಕಂಡು ಕಥೆಯನ್ನು ನೆನೆದುಕೊಳ್ಳಬಹುದಾಗಿದ್ದಿತು. ಅಲ್ಲಿ ಶಿಲ್ಪಿಯು ನೀತಿಯನ್ನು ಕೆತ್ತುವ ಗೋಜಿಗೆ ಹೋಗಲಿಲ್ಲ.

ಪಶ್ಚಿಮದ ಕಡೆಗೆ ಈ ಕಥೆಗಳು ಮಾಡಿದ ಪ್ರಯಾಣವು ಇನ್ನೂ ವಿಸ್ಮಯಕರವಾದುದು. ಪಾರಸಿಕ ದೇಶವನ್ನು 531ರಿಂದ 579ರವರೆಗೆ ಆಳಿದ ಖುಸ್ರು ಅನುಷಿರ್ವಾನನ ಆಸ್ಥಾನದ ವೈದ್ಯ ಬುರ್ಜೋಯನು ಪಂಚತಂತ್ರವನ್ನು ಪಹ್ಲವಿ ಭಾಷೆಗೆ ತಂದನು. ಅದರಿಂದ ಎಂಟನೆಯ ಶತಮಾನದ ಮಧ್ಯಭಾಗದಲ್ಲಿ ಇಬ್ನ್ ಅಲ್ ಮುಖಫ್ಫನು ಅರಬ್ಬಿಗೆ ತಿರುಗಿಸಿದನು. ಕರಟಕ ದಮನಕರು ಅಲ್ಲಿ ಕಲೀಲ ದಿಮ್ನರಾದರು. ಆದರೆ ನರಿಯು ಶಿಕ್ಷೆಯಿಲ್ಲದೆ ಪಾರಾದುದನ್ನು ಆ ಅರಬ್ಬೀ ಗ್ರಂಥವು ಒಪ್ಪಿಕೊಳ್ಳಲಾರದಾಯಿತು. ಸಂಸ್ಕೃತದಲ್ಲೆಲ್ಲಿಯೂ ಇಲ್ಲದ ಒಂದು ಅಧ್ಯಾಯವು ಅಲ್ಲಿ ಸೇರಿಕೊಂಡಿತು: ಸಿಂಹದ ತಾಯಿಯು ಸತ್ಯವನ್ನು ಹೊರಗೆಡಹುತ್ತಾಳೆ, ದಿಮ್ನನ ವಿಚಾರಣೆ ನಡೆಯುತ್ತದೆ, ಅವನು ಚಾತುರ್ಯದಿಂದ ವಾದಿಸುತ್ತಾನೆ, ಸಾಕ್ಷಿಗಳು ಬರುತ್ತಾರೆ, ಕಡೆಗೆ ಮರಣದಂಡನೆಯಾಗುತ್ತದೆ. ವಿದ್ವಾಂಸರು ಇದನ್ನು ಇಬ್ನ್ ಅಲ್ ಮುಖಫ್ಫನೇ ಸೇರಿಸಿದನೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ರಾಜನೀತಿಯ ಗ್ರಂಥವು ಧರ್ಮನೀತಿಯ ಗ್ರಂಥವಾಗುವ ಹಾದಿಯಲ್ಲಿ ಇದೊಂದು ಮುಖ್ಯವಾದ ಘಟ್ಟ. ಒಂದು ಸಮಾಜದ ಅಂತಃಕರಣವು ಕಥೆಯೊಡನೆ ಜಗಳವಾಡಿ ಅದಕ್ಕೆ ಹೊಸ ಮುಕ್ತಾಯವನ್ನು ಬರೆದುದನ್ನು ನಾವು ಇಲ್ಲಿ ಪ್ರತ್ಯಕ್ಷವಾಗಿ ಕಾಣಬಹುದು.

ಅರಬ್ಬಿಯಿಂದ ಗ್ರೀಕ್, ಹೀಬ್ರೂ, ಲ್ಯಾಟಿನ್ ಭಾಷೆಗಳಿಗೂ, ಅಲ್ಲಿಂದ ಯೂರೋಪಿನ ದೇಶಭಾಷೆಗಳಿಗೂ ಕಥೆಗಳು ಹರಿದವು. 1678ರಲ್ಲಿ ತನ್ನ ಎರಡನೆಯ ಸಂಗ್ರಹವನ್ನು ಪ್ರಕಟಿಸಿದ ಫ್ರಾನ್ಸಿನ ಲಾ ಫೊಂತೇನನು, ಇವುಗಳಲ್ಲಿ ಬಹುಭಾಗಕ್ಕೆ ಭಾರತದ ಋಷಿ ಪಿಲ್ಪಾಯನಿಗೆ ತಾನು ಋಣಿಯೆಂದು ಮುಕ್ತಕಂಠದಿಂದ ಹೇಳಿಕೊಂಡನು. ಅವನಲ್ಲಿ ನಮ್ಮ ಆಮೆಯು ಬರಗಾಲಕ್ಕೆ ಹೆದರಿ ಹೊರಟುದಲ್ಲ. ತನ್ನ ಬಿಲದಲ್ಲಿ ಬೇಸರಗೊಂಡು ಪ್ರಪಂಚವನ್ನು ನೋಡಲು ಹೊರಟುದು. ಹಂಸಗಳ ಬದಲಿಗೆ ಬಾತುಕೋಳಿಗಳು ಅದನ್ನು ಹೊತ್ತಿವೆ. ಆಮೆಗಳ ರಾಣಿಯನ್ನು ನೋಡಿರೆಂದು ಜನ ಕೂಗಿದಾಗ, ಹೌದು, ನಾನು ರಾಣಿಯೇ ಎಂದು ಹೇಳಹೋಗಿ ಬೀಳುತ್ತದೆ. ಜಂಬ, ವಾಚಾಳತೆ, ವ್ಯರ್ಥಕುತೂಹಲಗಳನ್ನು ಒಂದೇ ವಂಶದ ಸಂತಾನವೆಂದು ಕವಿಯು ನಿರ್ಣಯಿಸುತ್ತಾನೆ. ಈಸೋಪನ ಹೆಸರಿನಲ್ಲಿ ಪ್ರಚಲಿತವಾದ ಕಥೆಯಲ್ಲಾದರೋ ಆಮೆಯು ತನಗೆ ಹಾರಲು ಕಲಿಸೆಂದು ಹದ್ದನ್ನು ಪೀಡಿಸಿ ಸಾಯುತ್ತದೆ. ಅಲ್ಲಿಯ ನೀತಿ, ಸ್ವಭಾವವನ್ನು ಮೀರಿದ ಆಸೆ ಕೂಡದೆಂಬುದು. ವಾಚಾಳಿಯಾದ ಅರಸ, ಹಿತೋಕ್ತಿಯನ್ನು ಕೇಳದ ಮಿತ್ರ, ಜಂಬದ ಸ್ತ್ರೀ, ಅಳತೆ ಮೀರಿ ಆಸೆಪಟ್ಟವನು: ಒಂದೇ ಪತನದಲ್ಲಿ ನಾಲ್ಕು ಕಾಲಗಳು ನಾಲ್ಕು ಅಪರಾಧಿಗಳನ್ನು ಕಂಡವು.

ಮಗುವು ಈ ಚರಿತ್ರೆಯಲ್ಲಿ ಮುಖ್ಯ ಶ್ರೋತೃವಾಗಿ ಬಂದು ನಿಲ್ಲುವುದು ಸುಮಾರು ಲಾ ಫೊಂತೇನನ ಕಾಲದಲ್ಲಿ. ಇಂಗ್ಲೆಂಡಿನ ಜಾನ್ ಲಾಕನು 1693ರಲ್ಲಿ ಶಿಕ್ಷಣವನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ, ಓದಲು ಕಲಿತ ಮಗುವಿಗೆ ಮೊದಲು ಕೊಡತಕ್ಕ ಪುಸ್ತಕವು ಈಸೋಪನ ಕಥೆಗಳೆಂದೂ, ಅದರಲ್ಲಿ ಪ್ರಾಣಿಗಳ ಚಿತ್ರಗಳಿದ್ದರೆ ಇನ್ನೂ ಒಳ್ಳೆಯದೆಂದೂ ಹೇಳಿದನು. ಇದಕ್ಕೆ ಪ್ರತಿಯಾಗಿ ಜಿನೀವಾದ ರೂಸೋ 1762ರಲ್ಲಿ ತನ್ನ ಎಮಿಲ್ ಎಂಬ ಗ್ರಂಥದಲ್ಲಿ ಮೃಗಕಥೆಗಳು ಮಕ್ಕಳಿಗೆ ಸಲ್ಲವೆಂದು ಪ್ರಬಲವಾದ ಆಕ್ಷೇಪವನ್ನು ಎತ್ತಿದನು. ಕಾಗೆಯ ಬಾಯಿಯ ಗಿಣ್ಣಿನ ತುಂಡನ್ನು ನರಿಯು ಹೊಗಳಿಕೆಯಿಂದ ಲಪಟಾಯಿಸುವ ಕಥೆಯನ್ನು ಸಾಲುಸಾಲಾಗಿ ಬಿಡಿಸಿ, ಇದನ್ನು ಕೇಳಿದ ಮಗುವು ಕಾಗೆಯನ್ನು ನೋಡಿ ನಕ್ಕು ನರಿಯನ್ನು ಮೆಚ್ಚಿಕೊಳ್ಳುತ್ತದೆ, ಹಿರಿಯರು ಕಲಿಸಹೊರಟ ಪಾಠಕ್ಕೆ ವಿರುದ್ಧವಾದುದನ್ನೇ ಕಲಿಯುತ್ತದೆ ಎಂದನು. ಈ ಆಕ್ಷೇಪವನ್ನು ಹಗುರವಾಗಿ ಎಣಿಸುವಂತಿಲ್ಲ. ಮಕ್ಕಳನ್ನು ಹತ್ತಿರದಿಂದ ಬಲ್ಲವರೆಲ್ಲರೂ ಇದರಲ್ಲಿ ಸತ್ಯಾಂಶವನ್ನು ಕಾಣುವರು. ಆದರೆ ರೂಸೋವಿನ ಪರಿಹಾರವು ಕಥೆಯನ್ನೇ ದೂರವಿಡುವುದು. ಪಾಠಶಾಲೆಗಳು ಕಂಡುಕೊಂಡ ಪರಿಹಾರವು ಕಥೆಯ ಕೊನೆಗೆ ನೀತಿಯ ಬೀಗವನ್ನು ಹಾಕುವುದು.

ನಮ್ಮ ದೇಶದಲ್ಲಿ ಅಚ್ಚಿನ ಯಂತ್ರವೂ ಹೊಸ ಪಾಠಶಾಲೆಯೂ ಬಂದಾಗ ಈ ಕಥೆಗಳು ಮೊದಲ ಪಂಕ್ತಿಯಲ್ಲಿಯೇ ಕಾಣಿಸಿಕೊಂಡವು. ಚಾರ್ಲ್ಸ್ ವಿಲ್ಕಿನ್ಸನು 1787ರಲ್ಲಿ ಪಂಚತಂತ್ರದ ಬಂಧುವಾದ ಹಿತೋಪದೇಶವನ್ನು ಇಂಗ್ಲಿಷಿಗೆ ತಿರುಗಿಸಿದನು. 1804ರಲ್ಲಿ ಶ್ರೀರಾಂಪುರದಲ್ಲಿ ಅದರ ಸಂಸ್ಕೃತ ಮೂಲವು ಅಚ್ಚಾಯಿತು. ತಂಜಾವೂರಿನ ಸರ್ಫೋಜಿ ಮಹಾರಾಜನ ಮುದ್ರಣಾಲಯದಿಂದ 1806ರಲ್ಲಿ ಈಸೋಪನ ಕಥೆಗಳು ಮರಾಠಿಯಲ್ಲಿ ಬಾಲಬೋಧಮುಕ್ತಾವಳಿಯೆಂಬ ಹೆಸರಿನಿಂದ ಹೊರಬಂದುವು. ತಾಂಡವರಾಯ ಮುದಲಿಯಾರರ ತಮಿಳು ಪಂಚತಂತ್ರವು 1826ರಲ್ಲಿ, ಚಿನ್ನಯಸೂರಿಯ ತೆಲುಗು ನೀತಿಚಂದ್ರಿಕೆಯು 1853ರಲ್ಲಿ ಪ್ರಕಟವಾಗಿ ಆ ಭಾಷೆಗಳ ಹೊಸಗದ್ಯಕ್ಕೆ ಮಾರ್ಗದರ್ಶಕವಾದವು. ಕಂಪೆನಿ ಸರ್ಕಾರದ ತರುಣ ಅಧಿಕಾರಿಗಳು ಸಂಸ್ಕೃತವನ್ನು ಹಿತೋಪದೇಶದಿಂದಲೂ, ಪಾರಸಿಯನ್ನು ಪಂಚತಂತ್ರದ ಪಾರಸೀ ರೂಪವಾದ ಅನ್ವಾರೆ ಸುಹೈಲಿಯಿಂದಲೂ ಕಲಿಯುತ್ತಿದ್ದರು. ನಾಡನ್ನು ಆಳಲು ಬಂದವರು ಅದನ್ನು ಮತ್ತೆ ಆಳುವವರ ಪಠ್ಯವನ್ನಾಗಿಯೇ ಓದಿದರು. ಆಳಿಸಿಕೊಂಡವರ ಮಕ್ಕಳಿಗೆ ಅದೇ ಕಥೆಗಳು ವಿಧೇಯತೆಯ ಪಾಠಗಳಾಗಿ ದೊರೆತವು.

ಕಂಪೆನಿ ಸರ್ಕಾರದ 1854ರ ಶಿಕ್ಷಣನಿರೂಪದ ತರುವಾಯ ಕನ್ನಡಿಗರು ಹಂಚಿಹೋಗಿದ್ದ ಹಲವು ಆಡಳಿತಗಳಲ್ಲಿಯೂ ಕನ್ನಡ ವಾಚಕಪುಸ್ತಕಗಳು ಸಿದ್ಧವಾದವು. ಪಂಚತಂತ್ರದ ಮೊಲ, ಈಸೋಪನ ತೋಳ, ಎರಡೂ ಅಕ್ಕಪಕ್ಕದ ಪುಟಗಳಲ್ಲಿ ಬಂದು ಕುಳಿತವು. ಸಂಪಾದಕರು ದಾಂಪತ್ಯದ ವಂಚನೆಯ ಕಥೆಗಳನ್ನು ಕೈಬಿಟ್ಟರು. ಮಕ್ಕಳಿಗೆ ಅದು ಉಚಿತವೇ ಆಗಿತ್ತು. ಕಥೆಯೊಳಗೆ ಕಥೆಯನ್ನು ಹೆಣೆದ ಕಟ್ಟನ್ನು ಬಿಚ್ಚಿ, ಒಂದೊಂದನ್ನೂ ಬಿಡಿಯಾಗಿ ಒಂದೊಂದು ಪುಟಕ್ಕೆ ಹೊಂದಿಸಿದರು. ಪುಸ್ತಕದ ಅನುಕೂಲಕ್ಕೆ ಅದೂ ಅವಶ್ಯಕವೇ. ಆದರೆ ಹೀಗೆ ಬಿಡಿಸಿದಾಗ ಕಥೆಯನ್ನು ಹೇಳಿದ ಪಾತ್ರವು ಮರೆಯಾಯಿತು. ಕೇಳಿದ ಪಾತ್ರವೂ ಮರೆಯಾಯಿತು. ಅದು ಹೇಗೆ ಎಂಬ ಪ್ರಶ್ನೆಯೂ ಹೋಯಿತು. ಮೊದಲಿನಲ್ಲಿದ್ದ ಶ್ಲೋಕವು ಕೊನೆಗೆ ಇಳಿದು ಒಂದು ಗದ್ಯವಾಕ್ಯವಾಯಿತು. ಉಪಾಧ್ಯಾಯರು ಕಪ್ಪುಹಲಗೆಯ ಮೇಲೆ 'ನೀತಿ' ಎಂದು ಬರೆದು, ಅಡಿಗೆರೆ ಎಳೆದು, ಮುಂದಿನ ವಾಕ್ಯವನ್ನು ಹೇಳಿ ಬರೆಸುವರು. ಮಕ್ಕಳು ಒಕ್ಕೊರಲಿನಿಂದ ಹೇಳಿ ಒಪ್ಪಿಸುವರು. ಪರೀಕ್ಷೆಯಲ್ಲಿ ಈ ಕಥೆಯ ನೀತಿಯೇನೆಂಬ ಪ್ರಶ್ನೆಗೆ ಆ ವಾಕ್ಯವನ್ನು ಬರೆದವನಿಗೆ ಪೂರ್ಣಾಂಕ ದೊರೆಯುವುದು. ಆಮೆಯು ಬರಗಾಲಕ್ಕೆ ಬೆದರಿ ಹೊರಟಿದ್ದಿತೆಂಬುದನ್ನು ನೆನೆದು ಮರುಗಿದ ಮಗುವಿಗೆ ಒಂದು ಅಂಕವೂ ಇಲ್ಲ.

ಮನೆಯಲ್ಲಿ ಕಥೆ ಹೇಳುವ ಕ್ರಮವಾದರೋ ಬೇರೆಯಾಗಿದ್ದಿತು. ರಾತ್ರಿ ಊಟವಾದ ಮೇಲೆ ಹಾಸಿಗೆಯ ಮೇಲೆ ಅಜ್ಜಿಯ ಎರಡು ಪಕ್ಕಗಳಲ್ಲಿಯೂ ಮಕ್ಕಳು. ಹೂಂಗುಟ್ಟುವವರು ಇಲ್ಲದಿದ್ದರೆ ಅಜ್ಜಿಯ ಕಥೆ ಮುಂದಕ್ಕೆ ಸಾಗದು. ಆ ಹೂಂಕಾರವು ತಡವಾದರೆ, ನಿದ್ದೆ ಬಂತೇ ಎಂಬ ಪ್ರಶ್ನೆ. ಇಲ್ಲ ಅಜ್ಜಿ, ಆಮೇಲೆ ನರಿ ಏನು ಮಾಡಿತು ಎಂಬ ಉತ್ತರ. ನಡುವೆ ಒಬ್ಬನು ಎದ್ದು ಕುಳಿತು, ಆ ಮೊಲಕ್ಕೆ ಹೆದರಿಕೆ ಆಗಲಿಲ್ಲವೇ ಎಂದು ಕೇಳಿದರೆ ಅಜ್ಜಿಯು ಕಥೆಯನ್ನು ನಿಲ್ಲಿಸಿ, ಆಗದೆ ಇರುತ್ತದೆಯೇ ಮಗು, ಕಾಲು ನಡುಗುತ್ತಲೇ ಇತ್ತು, ಆದರೂ ಹೋಯಿತು ಎಂದು ಸಮಾಧಾನ ಹೇಳುವಳು. ಯಾವ ಶಾಸ್ತ್ರವನ್ನೂ ಓದದ ಆ ಹೆಂಗಸು ವಿಷ್ಣುಶರ್ಮನ ಕ್ರಮವನ್ನೇ ಪಾಲಿಸುತ್ತಿದ್ದಳು: ಕೇಳುವವನ ಪ್ರಶ್ನೆಯಿಂದ ಕಥೆಯನ್ನು ಮುಂದಕ್ಕೆ ನಡೆಸುವುದು. ಕೊನೆಗೆ ನೀತಿಯನ್ನು ಹೇಳಬೇಕೆಂಬ ನಿರ್ಬಂಧ ಆಕೆಗಿರಲಿಲ್ಲ. ಮಾರನೆಯ ದಿನ ಮೊಮ್ಮಗನು ತಮ್ಮನ ತಿಂಡಿಯನ್ನು ನಯವಾದ ಮಾತಿನಿಂದ ಕಿತ್ತುಕೊಂಡಾಗ, ಏನಪ್ಪ ನರಿರಾಯ ಎಂದು ಒಂದು ಮಾತು ಹೇಳಿದರೆ ಸಾಕಾಗುತ್ತಿತ್ತು. ರೂಸೋವಿನ ಆಕ್ಷೇಪಕ್ಕೆ ಇದಕ್ಕಿಂತ ಸಮರ್ಪಕವಾದ ಉತ್ತರವನ್ನು ನಾನು ಕಾಣೆ. ನರಿಯನ್ನು ಮೆಚ್ಚಿದ ಮಗುವು, ತಾನೇ ನರಿಯಾದ ಗಳಿಗೆಯಲ್ಲಿ ಕಥೆಯ ಅರ್ಥವನ್ನು ಕಂಡುಕೊಳ್ಳುತ್ತಿತ್ತು.

ಈ ಮನೆಯ ಮಾತನ್ನು ಪುಸ್ತಕಕ್ಕೆ ತಂದ ಪುಣ್ಯಾತ್ಮರು ನಮ್ಮಲ್ಲಿ ಇದ್ದಾರೆ. ಸ್ವತಃ ಶಿಕ್ಷಣ ಇಲಾಖೆಯಲ್ಲಿ ದುಡಿದ ಪಂಜೆ ಮಂಗೇಶರಾಯರು ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿ, ಮಕ್ಕಳ ನಾಲಿಗೆಗೆ ಒಗ್ಗುವ ಕನ್ನಡದಲ್ಲಿ ಕಥೆಗಳನ್ನು ಬರೆದರು. ಅವರ 'ಸಿಗಡಿ ಯಾಕೆ ಒಣಗಲಿಲ್ಲ?' ಎಂಬ ಕಥೆಯು ಪ್ರಶ್ನೆಯಿಂದ ಪ್ರಶ್ನೆಗೆ ಕೊಂಡಿ ಹಾಕುತ್ತ ಸಾಗುತ್ತದೆ. ಮಗುವು ನಕ್ಕು ನಲಿದು, ಒಂದು ಕಾರ್ಯಕ್ಕೆ ಇನ್ನೊಂದು ಕಾರಣವಿರುತ್ತದೆಂಬ ಮಹತ್ತರವಾದ ಅರಿವನ್ನು ಯಾರೂ ಹೇಳಿಕೊಡದೆಯೇ ಪಡೆಯುತ್ತದೆ. ಜಿ.ಪಿ. ರಾಜರತ್ನಂ ಅವರು ಮಕ್ಕಳಿಗಾಗಿ ಪದ್ಯಗಳನ್ನು ಬರೆದುದಲ್ಲದೆ ಜಾತಕಗಳನ್ನೂ ಕನ್ನಡಕ್ಕೆ ತಂದರು. ಎ.ಆರ್. ಕೃಷ್ಣಶಾಸ್ತ್ರಿಗಳು ತಮ್ಮ ಕಥಾಮೃತದ ಮೂಲಕ ಕಥಾಸರಿತ್ಸಾಗರವನ್ನು ಕನ್ನಡಿಗರ ಮನೆಬಾಗಿಲಿಗೆ ತಂದು, ಬೃಹತ್ಕಥೆಯ ಪರಂಪರೆಯ ಸವಿಯನ್ನು ತಿಳಿಗನ್ನಡದಲ್ಲಿ ಉಣಿಸಿದರು. ಇವರಾರೂ ಕಥೆಯನ್ನು ನೀತಿವಾಕ್ಯದ ಸೇವಕನನ್ನಾಗಿ ಮಾಡಲಿಲ್ಲ.

ಇದರೊಡನೆ ನಮ್ಮ ಜನಪದರ ಗೋವಿನ ಹಾಡನ್ನೂ ನೆನೆಯಬೇಕು. ಪಂಚತಂತ್ರದಲ್ಲಿ ದುರ್ಬಲನು ಬಲಿಷ್ಠನನ್ನು ಗೆಲ್ಲುವುದು ಉಪಾಯದಿಂದ; ಮೊಲವು ಸಿಂಹಕ್ಕೆ ಬಾವಿಯಲ್ಲಿ ಅದರದೇ ನೆರಳನ್ನು ತೋರಿಸಿ ಕೊಲ್ಲಿಸುತ್ತದೆ. ಪುಣ್ಯಕೋಟಿಯಾದರೋ ಉಪಾಯವನ್ನು ಹೂಡುವುದಿಲ್ಲ. ಕರುವಿಗೆ ಹಾಲೂಡಿಸಿ ಬರುವೆನೆಂದು ಕೊಟ್ಟ ಮಾತಿನಂತೆ ಹುಲಿಯ ಮುಂದೆ ಬಂದು ನಿಲ್ಲುತ್ತದೆ. ಅದನ್ನು ತಿನ್ನಲಾರದೆ ಹುಲಿಯೇ ಪ್ರಾಣವನ್ನು ಬಿಡುತ್ತದೆ. ಸುಳ್ಳಾಡಿ ಬದುಕಿದ ಮೊಲವೂ, ಸತ್ಯವನ್ನು ನಂಬಿ ಬದುಕಿದ ಹಸುವೂ ಒಂದೇ ಮಗುವಿನ ಮನಸ್ಸಿನಲ್ಲಿ ಜೊತೆಯಾಗಿ ನೆಲಸುತ್ತವೆ. ಒಂದನ್ನು ಸರಿಯೆಂದು, ಇನ್ನೊಂದನ್ನು ತಪ್ಪೆಂದು ತೀರ್ಪು ಕೊಡಬೇಕಾದ ಅಗತ್ಯವಿಲ್ಲ. ಎಂಥವರ ಮುಂದೆ ಜಾಣ್ಮೆ, ಎಂಥವರ ಮುಂದೆ ಸತ್ಯನಿಷ್ಠೆ ಎಂಬುದನ್ನು ಬಾಳೆಲ್ಲ ಆಲೋಚಿಸಬೇಕಾಗಿರುವಾಗ, ಆ ಆಲೋಚನೆಯನ್ನು ಆರನೆಯ ವಯಸ್ಸಿನಲ್ಲಿ ಆರಂಭಿಸುವುದೇ ಒಳ್ಳೆಯದು.

ಇಷ್ಟು ದೀರ್ಘವಾದ ಚರಿತ್ರೆಯಿಂದ ಕಥೆ ಹೇಳುವವರು ಗ್ರಹಿಸತಕ್ಕುದು ಏನೆಂದರೆ, ನೀತಿಯು ಕಥೆಯ ಒಡಲಲ್ಲಿ ಶಾಶ್ವತವಾಗಿ ಕುಳಿತಿರುವ ವಸ್ತುವಲ್ಲ. ಹೇಳುವವರೂ ಕೇಳುವವರೂ ಕೂಡಿ, ತಮ್ಮ ಕಾಲದ ಅಗತ್ಯವನ್ನು ಅರಿತು, ಅದನ್ನು ಪ್ರತಿಸಲವೂ ಹೊಸದಾಗಿ ಕಂಡುಕೊಳ್ಳಬೇಕಾಗುತ್ತದೆ. ಆದುದರಿಂದ ಮಕ್ಕಳಿಗೆ ದಮನಕನ ಗೆಲುವನ್ನು ಮುಚ್ಚಿಡಬಾರದು. ಅದು ಅನ್ಯಾಯವೆಂದು ಮಗುವು ಸಿಟ್ಟಾದರೆ, ಹಾಗಾದರೆ ಸಿಂಹವು ಏನು ಮಾಡಬೇಕಾಗಿತ್ತೆಂದು ಅದನ್ನೇ ಕೇಳಬೇಕು. ಅರಬ್ಬೀ ಭಾಷೆಯ ಆ ಮಹಾನುಭಾವನು ಸಿಟ್ಟಾಗಿಯೇ ಅಲ್ಲವೇ ನ್ಯಾಯಸ್ಥಾನದ ಅಧ್ಯಾಯವನ್ನು ಬರೆದುದು? ಬಿಡಿಕಥೆಯನ್ನು ಹೇಳುವಾಗಲೂ ಇದನ್ನು ಯಾರು ಯಾರಿಗೆ ಹೇಳಿದರೆಂಬುದನ್ನು ಒಂದು ಮಾತಿನಲ್ಲಾದರೂ ತಿಳಿಸಬೇಕು. ನೀತಿವಾಕ್ಯವನ್ನು ಹೇಳಲೇಬೇಕೆಂದಿದ್ದರೆ ಹಿರಿಯರ ಪದ್ಧತಿಯಂತೆ ಅದನ್ನು ಮೊದಲಿಗೆ ಹೇಳಿ, ಅದು ಹೇಗೆ ಎಂದು ಮಗುವಿನಿಂದ ಕೇಳಿಸಿಕೊಂಡು, ಆ ಮೇಲೆ ಕಥೆಯನ್ನು ಆರಂಭಿಸಬೇಕು. ಕಥೆ ಮುಗಿದ ಮೇಲೆ ಮಗುವು ಆ ವಾಕ್ಯವನ್ನು ಒಪ್ಪದೆ ವಾದಕ್ಕೆ ನಿಂತರೆ, ಹೇಳಿದವರು ಅದನ್ನು ಅವಿಧೇಯತೆಯೆಂದು ಭಾವಿಸದೆ, ಅಮರಶಕ್ತಿಯ ಮಕ್ಕಳಿಗೆ ಆರು ತಿಂಗಳಲ್ಲಿ ಬಂದ ವಿದ್ಯೆ ತಮ್ಮ ಮನೆಯ ಮಗುವಿಗೂ ಬರತೊಡಗಿದೆಯೆಂದು ಸಂತೋಷಪಡಬೇಕು.